ಸ್ತನದ ಅರ್ಬುದವೂ ಅದರ ಶಸ್ತ್ರಕ್ರಿಯೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಕೂಡಿದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದ ಸಭೆಗಳಲ್ಲಿ ಶಾಸ್ತ್ರ, ಪುರಾಣ, ಶರಣಚರಿತ್ರೆಗಳನ್ನು ಕುರಿತು ಮಾತನಾಡುವ ವಿದ್ವಾಂಸರು ಅನೇಕರಿದ್ದಾರೆ. ನನ್ನ ಪಾಲಿಗೆ ಬಂದ ಈ ಒಂದು ತಾಸನ್ನು ನಾನು ಬೇರೊಂದು ವಿಷಯಕ್ಕಾಗಿ ಬೇಡಿಕೊಂಡೆನು. ಪೂಜ್ಯರು ಅಪ್ಪಣೆಯನ್ನು ದಯಪಾಲಿಸಿದರು. ಹೆಂಗಸರ ಸ್ತನದಲ್ಲಿ ಹುಟ್ಟುವ ಅರ್ಬುದರೋಗ, ಅಂದರೆ ಇಂದು ಎಲ್ಲರೂ ಕ್ಯಾನ್ಸರ್ ಎಂದು ಕರೆಯುವ ಬೇನೆ, ಮತ್ತು ಅದಕ್ಕಾಗಿ ಸ್ತನವನ್ನು ತೆಗೆಯುವ ಶಸ್ತ್ರಕ್ರಿಯೆ, ಇದೇ ಆ ವಿಷಯ. ಇದನ್ನು ಕೇಳಿದೊಡನೆ ಹಿಂದಿನ ಸಾಲಿನ ಕೆಲವು ಗಂಡಸರು ಎದ್ದು ಹೋಗುವದಕ್ಕಾಗಿ ಶಲ್ಯವನ್ನು ಸರಿಪಡಿಸಿಕೊಳ್ಳುತ್ತಿರುವದು ನನಗೆ ಕಾಣುತ್ತಿದೆ. ಅವರು ದಯವಿಟ್ಟು ಕುಳಿತುಕೊಳ್ಳಬೇಕು. ದವಾಖಾನೆಗೆ ಹೋಗುವದೋ ಬಿಡುವದೋ ಎಂಬ ನಿರ್ಣಯವು ನಮ್ಮ ಮನೆಗಳಲ್ಲಿ ಇನ್ನೂ ಬಹುಮಟ್ಟಿಗೆ ಗಂಡಸರ ಕೈಯಲ್ಲಿಯೇ ಇರುವದರಿಂದ ಈ ಮಾತು ಮೊದಲು ಅವರಿಗೇ ಸಲ್ಲತಕ್ಕದ್ದು. ಅಲ್ಲದೆ ಈ ರೋಗವು ಗಂಡಸರಿಗೂ ಅಪರೂಪವಾಗಿ ಬರುವದುಂಟು; ನೂರು ಜನ ರೋಗಿಗಳಲ್ಲಿ ಸುಮಾರು ಒಬ್ಬನು ಗಂಡಸು.

ನಾನು ವೈದ್ಯನಲ್ಲ. ಪಾಠಶಾಲೆಯಲ್ಲಿ ವ್ಯಾಕರಣ ಸಾಹಿತ್ಯಗಳನ್ನೋದಿ, ಅಲ್ಲಿಯೇ ಪಾಠ ಹೇಳುತ್ತ ಐವತ್ತು ದಾಟಿದವನು. ಆದರೆ ಮಠವೆಂದ ಮೇಲೆ ದುಃಖಿಗಳು ಮೊದಲು ಬರುವದು ಇಲ್ಲಿಗೆ. ಭಸ್ಮವನ್ನು ಕೇಳಲು ಬರುವರು, ಶಸ್ತ್ರಕ್ರಿಯೆಗೆ ಒಳ್ಳೆಯ ದಿನವನ್ನು ಕೇಳಲು ಬರುವರು, ಕೊಯ್ಯಿಸಿಕೊಳ್ಳಲೋ ಬೇಡವೋ ಎಂದು ಕೇಳಲು ಬರುವರು. ಹಾಗೆ ಬಂದವರಿಗೆ ತಿಳಿಯದ ಮಾತನ್ನು ಹೇಳಬಾರದೆಂದು ಕೆಲವು ವರ್ಷಗಳಿಂದ ಬಲ್ಲ ವೈದ್ಯರನ್ನು ಕಂಡು ವಿಚಾರಿಸಿ, ಅವರು ತೋರಿಸಿದ ಗ್ರಂಥಗಳ ಅರ್ಥವನ್ನು ಬಿಡಿಸಿಕೊಂಡು ತಿಳಿದುದನ್ನೇ ಇಂದು ನಿಮ್ಮ ಮುಂದಿಡುವೆನು.

೨೦೨೨ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದಲ್ಲಿ ಸುಮಾರು ೧ ಲಕ್ಷ ೯೨ ಸಾವಿರ ಜನರಿಗೆ ಈ ರೋಗವು ಹೊಸದಾಗಿ ತಗುಲಿತೆಂದೂ, ಸುಮಾರು ೯೮ ಸಾವಿರ ಜನರು ಇದರಿಂದ ತೀರಿಕೊಂಡರೆಂದೂ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು ಅಂದಾಜು ಮಾಡಿರುವದು. ಪಾಶ್ಚಾತ್ಯ ದೇಶಗಳಲ್ಲಿ ಈ ರೋಗವು ನಮಗಿಂತ ಹೆಚ್ಚು. ಆದರೆ ರೋಗ ಬಂದವರಲ್ಲಿ ಸಾಯುವವರ ಪ್ರಮಾಣವು ಅಲ್ಲಿ ಕಡಿಮೆ. ಈ ಅಂತರಕ್ಕೆ ಕಾರಣಗಳು ಹಲವು, ಅವುಗಳಲ್ಲಿ ಬಡತನವೂ ದವಾಖಾನೆಯ ದೂರವೂ ಸೇರಿವೆ. ಆದರೆ ದೊಡ್ಡದೊಂದು ಕಾರಣವು ನಾಚಿಕೆ. ಇದು ನನಗೆ ಯಾವಾಗಲೂ ವಿಚಿತ್ರವಾಗಿ ತೋರುತ್ತದೆ. ಪಾಠಶಾಲೆಯಲ್ಲಿ ನಾವು ಓದಿದ ಕಾವ್ಯಗಳಲ್ಲಿ ಕವಿಗಳು ನಾಯಿಕೆಯ ಸ್ತನವನ್ನು ವರ್ಣಿಸುವದಕ್ಕೆ ಎಂದಿಗೂ ನಾಚಿದವರಲ್ಲ. ಕಲಶವೆಂದೂ ಗಿರಿಯೆಂದೂ ಚಕ್ರವಾಕವೆಂದೂ ಉಪಮಾನಗಳನ್ನು ಗುರುಗಳು ಹೇಳಿಕೊಟ್ಟರು, ನಾವು ಬಾಯಿಪಾಠ ಮಾಡಿದೆವು, ಪರೀಕ್ಷೆಯಲ್ಲಿ ಬರೆದೆವು. ಅದೇ ಅಂಗದಲ್ಲಿ ಒಂದು ಗಂಟಾಗಿದೆ ಎಂದು ಹೆತ್ತ ತಾಯಿ ಮಗನಿಗೆ ಹೇಳಲಾರಳು. ಅಲಂಕಾರಕ್ಕಿಲ್ಲದ ನಾಚಿಕೆ ರೋಗಕ್ಕೇಕೆ ಬಂದಿತೋ ನಾನರಿಯೆ.

ನಮ್ಮವರಿಗೆ ಈ ರೋಗದ ಪರಿಚಯವು ಹೊಸದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದದ ಲಕ್ಷಣವನ್ನು ಹೇಳಿದೆ: ದುಂಡಗಿರುವದು, ಅಲುಗಾಡದೆ ನಿಲ್ಲುವದು, ನೋವು ಮಂದ, ಬೇರು ವಿಸ್ತಾರ, ಬೆಳವಣಿಗೆ ನಿಧಾನ, ಕೀವಾಗುವದಿಲ್ಲ. ಇವುಗಳಲ್ಲಿ ‘ನೋವು ಮಂದ’ ಎಂಬದನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಅದಕ್ಕೆ ಮತ್ತೆ ಬರುವೆನು. ಚಿಕಿತ್ಸಾಸ್ಥಾನದಲ್ಲಿ, ಅರ್ಬುದವನ್ನು ತೆಗೆಯುವಾಗ ಶೇಷವನ್ನುಳಿಸಿದರೆ ಅದು ಬೇಗನೆ ಮರಳಿ ಹುಟ್ಟುವದೆಂಬ ಎಚ್ಚರಿಕೆಯೂ ಇದೆ. ಇಂದಿನ ಶಸ್ತ್ರವೈದ್ಯರು ಗಂಟಿನ ಸುತ್ತ ಆರೋಗ್ಯವಾದ ಮಾಂಸದ ಅಂಚನ್ನು ಸೇರಿಸಿ ತೆಗೆದು, ಆ ಅಂಚಿನಲ್ಲಿ ರೋಗದ ಕಣವಿದೆಯೋ ಇಲ್ಲವೋ ಎಂದು ಸೂಕ್ಷ್ಮದರ್ಶಕದಿಂದ ನೋಡುವದು ಇದೇ ಭಯದಿಂದ. ಆದರೂ ಎಲ್ಲವೂ ನಮ್ಮ ಗ್ರಂಥಗಳಲ್ಲಿಯೇ ಇದ್ದಿತೆಂದು ಎದೆ ತಟ್ಟಿಕೊಳ್ಳುವವರ ಪಂಕ್ತಿಯಲ್ಲಿ ನಾನು ಕೂಡ್ರಲಾರೆ. ಸುಶ್ರುತನ ಬಳಿ ಸೂಕ್ಷ್ಮದರ್ಶಕವೂ ಇರಲಿಲ್ಲ, ಇಂದಿನಂತಹ ಸಂಪೂರ್ಣ ಅರಿವಳಿಕೆಯೂ ಇರಲಿಲ್ಲ.

ಅರಿವಳಿಕೆಯಿಲ್ಲದ ಕಾಲದಲ್ಲಿ ಈ ಶಸ್ತ್ರಕ್ರಿಯೆಯು ಹೇಗಿದ್ದಿತೆಂಬದನ್ನು ಅನುಭವಿಸಿದವಳೊಬ್ಬಳು ತಾನೇ ಬರೆದಿಟ್ಟಿದ್ದಾಳೆ. ಆಕೆ ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಗಾರ್ತಿ. ೧೮೧೧ರ ಸಪ್ಟೆಂಬರದಲ್ಲಿ, ಪ್ಯಾರಿಸ್ ನಗರದ ತನ್ನ ಮನೆಯಲ್ಲಿ, ನೆಪೋಲಿಯನ್ನನ ಸೈನ್ಯದ ಪ್ರಸಿದ್ಧ ಶಸ್ತ್ರವೈದ್ಯನಾದ ಲಾರೆಯ ಕೈಯಿಂದ ಆಕೆ ಒಂದು ಸ್ತನವನ್ನು ತೆಗೆಸಿಕೊಂಡಳು. ನೋವನ್ನು ತಡೆಯಲು ಮದ್ಯದ ಒಂದು ಗುಟುಕಿಗಿಂತ ಹೆಚ್ಚಿನ ಉಪಾಯವಿರಲಿಲ್ಲ. ಮುಖದ ಮೇಲೊಂದು ತೆಳು ಬಟ್ಟೆಯನ್ನು ಹೊದಿಸಿದ್ದರು, ಅದರೊಳಗಿಂದ ಕತ್ತಿಯ ಹೊಳಪು ಆಕೆಗೆ ಕಾಣುತ್ತಿತ್ತು. ಈ ಸಂಗತಿಯನ್ನು ಅಕ್ಕನಿಗೆ ಬರೆದ ಪತ್ರವನ್ನು ಮುಗಿಸಲು ಆಕೆಗೆ ಎಷ್ಟೋ ತಿಂಗಳು ಬೇಕಾದವು. ಆಕೆ ೧೮೪೦ರ ವರೆಗೆ ಬದುಕಿದ್ದಳು.

ಇದಕ್ಕೆ ಏಳು ವರುಷ ಮುಂಚೆ, ೧೮೦೪ರಲ್ಲಿ, ಜಪಾನದೇಶದ ಹನಾವೊಕ ಸೇಯ್ಶೂ ಎಂಬ ವೈದ್ಯನು ಅರವತ್ತು ವಯಸ್ಸಿನ ಹೆಂಗಸೊಬ್ಬಳನ್ನು ಔಷಧದಿಂದ ಪೂರ್ಣ ಮೂರ್ಛೆಗೊಳಿಸಿ ಆಕೆಯ ಸ್ತನದ ಅರ್ಬುದವನ್ನು ತೆಗೆದಿದ್ದನು. ಆ ಔಷಧದ ಮುಖ್ಯ ದ್ರವ್ಯಗಳು ನಮ್ಮ ಹಿತ್ತಲಿನ ದತ್ತೂರಿಯ ಜಾತಿಯದೊಂದು, ವತ್ಸನಾಭಿಯ ಜಾತಿಯದೊಂದು. ಅವನು ಅನೇಕ ವರ್ಷ ಅದರ ಪ್ರಮಾಣವನ್ನು ಶೋಧಿಸಿದನು. ಆ ಶೋಧನೆಗೆ ತನ್ನ ದೇಹವನ್ನೊಡ್ಡಿದ ಅವನ ಹೆಂಡತಿಯು ಕಣ್ಣು ಕಳೆದುಕೊಂಡಳೆಂದು ಹೇಳುತ್ತಾರೆ. ಜಪಾನವು ಆಗ ಹೊರಲೋಕಕ್ಕೆ ಬಾಗಿಲು ಹಾಕಿಕೊಂಡಿದ್ದುದರಿಂದ ಈ ವಿದ್ಯೆಯು ಪ್ಯಾರಿಸ್ ನಗರವನ್ನು ಮುಟ್ಟಲಿಲ್ಲ. ಅಮೆರಿಕೆಯಲ್ಲಿ ಈಥರಿನ ಅರಿವಳಿಕೆಯನ್ನು ಬಹಿರಂಗವಾಗಿ ತೋರಿಸಿದುದು ೧೮೪೬ರಲ್ಲಿ.

ರೋಗಿಯು ನೋವಿಲ್ಲದೆ ಮಲಗಿರತೊಡಗಿದ ಮೇಲೆ ಶಸ್ತ್ರವೈದ್ಯರಿಗೆ ಸಾವಕಾಶ ದೊರೆಯಿತು. ಸಾವಕಾಶದೊಡನೆ ಧೈರ್ಯವೂ ಬೆಳೆಯಿತು. ಅಮೆರಿಕೆಯ ವಿಲಿಯಂ ಹಾಲ್‌ಸ್ಟೆಡ್ ಎಂಬ ಮಹಾ ಶಸ್ತ್ರವೈದ್ಯನು ೧೮೯೪ರಲ್ಲಿ ತಾನು ಮಾಡಿದ ಐವತ್ತು ಶಸ್ತ್ರಕ್ರಿಯೆಗಳ ವೃತ್ತಾಂತವನ್ನು ಪ್ರಕಟಿಸಿದನು. ಅವನು ಸ್ತನವನ್ನು ಮಾತ್ರವಲ್ಲ, ಅದರ ಕೆಳಗಿನ ಎದೆಯ ಮಾಂಸಖಂಡಗಳನ್ನೂ, ಕಂಕುಳಲ್ಲಿರುವ ರಸಗ್ರಂಥಿಗಳನ್ನೂ ಒಟ್ಟಿಗೆ ತೆಗೆದುಬಿಡುತ್ತಿದ್ದನು. ಇದಕ್ಕೆ ‘ರ್‍ಯಾಡಿಕಲ್’ ಎಂದು ಹೆಸರಾಯಿತು. ಆ ಶಬ್ದವು ಲ್ಯಾಟಿನ್ ಭಾಷೆಯಲ್ಲಿ ಬೇರು ಎಂಬರ್ಥದ ಪದದಿಂದ ಹುಟ್ಟಿದ್ದು; ನಮ್ಮ ಮಾತಿನಲ್ಲಿ ಮೂಲೋತ್ಪಾಟನವೆನ್ನಬಹುದು. ಅವನ ತರ್ಕವೇನೆಂದರೆ: ಅರ್ಬುದವು ಎಣ್ಣೆಯ ಹನಿ ಬಟ್ಟೆಯಲ್ಲಿ ಹಬ್ಬುವಂತೆ ಹುಟ್ಟಿದ ಸ್ಥಳದಿಂದ ಕ್ರಮವಾಗಿ ಸುತ್ತಲೂ ಸರಿಯುತ್ತದೆ, ಆದುದರಿಂದ ಎಷ್ಟು ಅಗಲವಾಗಿ ಕೊಯ್ದರೆ ಅಷ್ಟು ಕ್ಷೇಮ. ಗಾಯವಿದ್ದ ಸ್ಥಳದಲ್ಲಿಯೇ ರೋಗವು ಮರಳುವದು ಅವನ ಕೈಯಲ್ಲಿ ನಿಜವಾಗಿಯೂ ಬಹಳ ಕಡಿಮೆಯಾಯಿತು. ಆದುದರಿಂದ ಮುಂದೆ ಮುಕ್ಕಾಲು ಶತಮಾನದವರೆಗೆ ಲಕ್ಷಾವಧಿ ಹೆಂಗಸರಿಗೆ ಇದೇ ಶಸ್ತ್ರಕ್ರಿಯೆಯಾಯಿತು. ಬದುಕಿದವರ ಎದೆಯು ಎಲುಬಿಗೆ ತೊಗಲಂಟಿ ಕುಳಿಬೀಳುತ್ತಿತ್ತು. ತೋಳು ಬಾತು ಭಾರವಾಗುತ್ತಿತ್ತು. ಕೈಯನ್ನು ತಲೆಯ ಮೇಲೆತ್ತಿ ಹೆರಳು ಹಾಕಿಕೊಳ್ಳುವದು ಕಷ್ಟವಾಗುತ್ತಿತ್ತು. ನಮ್ಮ ಹಳ್ಳಿಯ ಮುದುಕಿಯರು ‘ಆ ಕೊಯ್ತ ಬ್ಯಾಡವ್ವ’ ಎಂದು ಹೇಳುವಾಗ ಅವರ ಕಣ್ಣಮುಂದಿರುವದು ಈ ಹಳೆಯ ಚಿತ್ರವೇ. ಇಂದಿನ ಶಸ್ತ್ರಕ್ರಿಯೆಯು ಅದಲ್ಲ ಎಂಬದನ್ನು ತಿಳಿಸುವದಕ್ಕಾಗಿಯೇ ನಾನು ಇಷ್ಟು ಹಿಂದಕ್ಕೆ ಹೋಗಬೇಕಾಯಿತು.

ಹಾಲ್‌ಸ್ಟೆಡ್ಡನ ತರ್ಕದಲ್ಲಿ ಒಂದು ಬಿರುಕಿದ್ದಿತು. ಇಷ್ಟು ಅಗಲವಾಗಿ ಕೊಯ್ದರೂ, ಕೊಯ್ದ ಸ್ಥಳವು ಶುದ್ಧವಾಗಿಯೇ ಇದ್ದರೂ, ಕೆಲವು ವರ್ಷಗಳ ನಂತರ ಎಷ್ಟೋ ರೋಗಿಗಳು ಎಲುಬಿನಲ್ಲಿ, ಯಕೃತ್ತಿನಲ್ಲಿ, ಪುಪ್ಪುಸದಲ್ಲಿ ಅದೇ ಅರ್ಬುದವೆದ್ದು ಸಾಯುತ್ತಿದ್ದರು. ೧೯೪೮ರಲ್ಲಿ ಲಂಡನ್ನಿನ ಪೇಟಿ ಮತ್ತು ಡೈಸನ್ ಎಂಬವರು ಎದೆಯ ದೊಡ್ಡ ಮಾಂಸಖಂಡವನ್ನು ಉಳಿಸಿ ಶಸ್ತ್ರಕ್ರಿಯೆ ಮಾಡಬಹುದೆಂದು ತೋರಿಸಿದರು. ಅದಕ್ಕಿಂತ ಮುಂದೆ ಹೋದವನು ಅಮೆರಿಕೆಯ ಬರ್ನಾರ್ಡ್ ಫಿಶರ್. ರೋಗದ ಕಣಗಳು ಬಹು ಮೊದಲೇ ರಕ್ತದಲ್ಲಿ ಸೇರಿ ದೂರ ಹೋಗಿರಬಹುದು. ಹಾಗಿದ್ದಲ್ಲಿ ಎದೆಯನ್ನು ಎಷ್ಟು ಅಗೆದರೂ ಅವು ಸಿಕ್ಕವು. ದೂರ ಹೋಗದಿದ್ದಲ್ಲಿ ಅಷ್ಟು ಅಗೆಯುವ ಅವಶ್ಯಕತೆಯೇ ಇಲ್ಲ, ಎಂದು ಅವನ ವಾದ. ನೈಯಾಯಿಕರು ಇದನ್ನು ಕೇಳಿದ್ದರೆ ಮೆಚ್ಚುತ್ತಿದ್ದರು. ಆದರೆ ಅವನು ವಾದದಲ್ಲಿಯೇ ನಿಲ್ಲಲಿಲ್ಲ. ೧೯೭೧ರಿಂದ ೧೬೦೦ಕ್ಕೂ ಮಿಕ್ಕಿದ ಹೆಂಗಸರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಹಾಲ್‌ಸ್ಟೆಡ್ಡನ ಶಸ್ತ್ರಕ್ರಿಯೆಯನ್ನೂ ಕೆಲವರಿಗೆ ಸ್ತನವನ್ನು ಮಾತ್ರ ತೆಗೆಯುವದನ್ನೂ ಮಾಡಿಸಿ, ಇಪ್ಪತ್ತೈದು ವರ್ಷ ಕಾದು ನೋಡಿದರು. ಬದುಕಿ ಉಳಿದವರ ಪ್ರಮಾಣದಲ್ಲಿ ಭೇದವು ಕಾಣಲಿಲ್ಲ. ೧೯೭೬ರಲ್ಲಿ ಮೊದಲಾದ ಎರಡನೆಯ ಪರೀಕ್ಷೆಯಲ್ಲಿ ಇಡೀ ಸ್ತನವನ್ನು ತೆಗೆದವರನ್ನೂ ಗಂಟನ್ನು ಮಾತ್ರ ತೆಗೆದವರನ್ನೂ ಹೋಲಿಸಿದರು. ಇಪ್ಪತ್ತು ವರ್ಷಗಳ ಮೇಲೆ, ೨೦೦೨ರಲ್ಲಿ, ಫಲವನ್ನು ಪ್ರಕಟಿಸಿದಾಗ ಅಲ್ಲಿಯೂ ಆಯುಷ್ಯದಲ್ಲಿ ಭೇದವಿರಲಿಲ್ಲ. ಆದರೆ ಗಂಟನ್ನು ಮಾತ್ರ ತೆಗೆದು ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ ೩೯ ಜನರಿಗೆ ಅದೇ ಸ್ತನದಲ್ಲಿ ರೋಗವು ಮರಳಿತು; ಗಂಟನ್ನು ತೆಗೆದ ಮೇಲೆ ಕಿರಣಚಿಕಿತ್ಸೆಯನ್ನೂ ಕೊಟ್ಟವರಲ್ಲಿ ನೂರಕ್ಕೆ ೧೪ ಜನರಿಗೆ ಮಾತ್ರ. ಇಟಲಿಯ ಮಿಲಾನದಲ್ಲಿ ಉಂಬರ್ಟೊ ವೆರೊನೇಸಿಯು ೭೦೧ ಹೆಂಗಸರಲ್ಲಿ ಮಾಡಿದ ಪರೀಕ್ಷೆಯೂ ಆಯುಷ್ಯದ ವಿಷಯದಲ್ಲಿ ಇದೇ ಸಾಕ್ಷಿಯನ್ನು ನುಡಿಯಿತು.

ಹಾಗಾದರೆ ಈಗಲೂ ಇಡೀ ಸ್ತನವನ್ನು ತೆಗೆಯುವದೇಕೆ ಎಂದು ನೀವು ಕೇಳುವಿರಿ, ಕೇಳತಕ್ಕ ಪ್ರಶ್ನೆಯೇ. ಗಂಟು ಸ್ತನದ ಗಾತ್ರಕ್ಕೆ ಹೋಲಿಸಿದರೆ ಬಹಳ ದೊಡ್ಡದಾಗಿದ್ದರೆ, ಒಂದೇ ಸ್ತನದ ಬೇರೆ ಬೇರೆ ಭಾಗಗಳಲ್ಲಿ ರೋಗವಿದ್ದರೆ, ಚರ್ಮವನ್ನು ಅಗಲವಾಗಿ ಹಿಡಿದಿದ್ದರೆ, ಮೊದಲೇ ಎದೆಗೆ ಕಿರಣಚಿಕಿತ್ಸೆಯಾಗಿದ್ದರೆ, ಅಥವಾ ಬೇರೆ ಕಾರಣದಿಂದ ಕಿರಣಗಳನ್ನು ಕೊಡುವಂತಿಲ್ಲದಿದ್ದರೆ, ಸ್ತನವನ್ನುಳಿಸುವದು ಅಪಾಯ. ವಂಶಪರಂಪರೆಯಿಂದ ಬರುವ ವಿಶೇಷ ದೋಷವುಳ್ಳ ಕೆಲವರಿಗೆ ಬೇರೆ ಗಣನೆಯುಂಟು. ಇನ್ನೊಂದು ಕಾರಣವು ವೈದ್ಯಗ್ರಂಥಗಳಲ್ಲಿ ಸಣ್ಣ ಅಕ್ಷರದಲ್ಲಿರುವದಾದರೂ ನಮ್ಮ ಸೀಮೆಯಲ್ಲಿ ದೊಡ್ಡದು: ಸ್ತನವನ್ನುಳಿಸಿಕೊಂಡವಳು ಸಾಮಾನ್ಯವಾಗಿ ಕೆಲವು ವಾರಗಳ ಕಾಲ ದಿನಾಲು ಕಿರಣಚಿಕಿತ್ಸೆಗೆ ಹೋಗಬೇಕು, ಯಂತ್ರವಿರುವದು ದೊಡ್ಡ ಊರಿನಲ್ಲಿ, ಕೂಲಿಯನ್ನು ಬಿಟ್ಟು, ಮಕ್ಕಳನ್ನು ಬಿಟ್ಟು ಅಲ್ಲಿ ನಿಲ್ಲುವವರಾರು? ಹೀಗೆ ಉಳಿಯಬಹುದಾಗಿದ್ದ ಸ್ತನಗಳೂ ಹೋಗುವವು. ಇಂತಹ ಊರುಗಳಲ್ಲಿ ರೋಗಿಯೂ ಜೊತೆಗೊಬ್ಬರೂ ಇರಲು ಮಠಗಳು ಒಂದು ಕೋಣೆಯನ್ನು ಬಿಟ್ಟುಕೊಡಬಾರದೇ ಎಂದು ಪೂಜ್ಯರ ಸನ್ನಿಧಿಯಲ್ಲಿ ವಿಜ್ಞಾಪಿಸಿಕೊಳ್ಳುವೆನು. ಸ್ತನವನ್ನು ತೆಗೆದವರಿಗೂ ರೋಗವು ಮುಂದುವರಿದಿದ್ದರೆ ಕಿರಣಚಿಕಿತ್ಸೆ ಬೇಕಾಗುವದುಂಟು, ಅದನ್ನೂ ಮರೆಯಬಾರದು.

ಈಗ ‘ನೋವು ಮಂದ’ ಎಂಬ ಮಾತಿಗೆ ಬರುವೆನು. ಕೆಲವು ವರ್ಷಗಳ ಹಿಂದೆ ನಡುವಯಸ್ಸಿನ ತಾಯಿಯೊಬ್ಬಳು ಗಂಡನೊಡನೆ ನನ್ನಲ್ಲಿಗೆ ಬಂದಳು. ಗಂಟು ನಿಂಬೆಹಣ್ಣಿನಷ್ಟಾಗಿತ್ತು. ಮೊದಲು ಕಂಡಾಗ ಎಷ್ಟಿತ್ತೆಂದರೆ, ಕಡಲೆಕಾಳಿನಷ್ಟು. ಆಗಲೇ ಏಕೆ ತೋರಿಸಲಿಲ್ಲವೆಂದು ಕೇಳಿದೆನು. ‘ಶಾಸ್ತ್ರಿಗಳಽ, ಒಂದಿಷ್ಟೂ ನೋಯ್ತಿದ್ದಿಲ್ಲರಿ’ ಎಂದಳು. ಆ ಬಳಿಕ ಯಾರೋ ಹೇಳಿದರೆಂದು ಎಲೆಯನ್ನರೆದು ಹಚ್ಚಿದ್ದರು, ಚರ್ಮವು ಸುಟ್ಟು ಹುಣ್ಣಾಗಿತ್ತು. ಹುಣ್ಣಾದ ಮೇಲೆ ನೋವು ಬಂದಿತು. ನೋವು ಬಂದ ಮೇಲೆ ರೋಗವೆಂದು ಒಪ್ಪಿದರು. ಗಂಡನು ಒಳ್ಳೆಯವನು, ಆದರೆ ಅವನ ಮನಸ್ಸಿನಲ್ಲಿ ಒಂದು ಭಯವು ಬಲವಾಗಿ ಕುಳಿತಿತ್ತು: ‘ಕತ್ತರಿ ತಾಗಿ ಗಾಳಿ ಹೊಕ್ಕರ ಮೈತುಂಬ ಹಬ್ಬತೈತಂತ್ರಿ.’ ಈ ಭಯವನ್ನು ನಾನು ನೂರು ಬಾಯಲ್ಲಿ ಕೇಳಿದ್ದೇನೆ. ಇದು ಹುಟ್ಟಿದ ಬಗೆಯನ್ನು ಊಹಿಸುವದು ಕಷ್ಟವಲ್ಲ. ಜನರು ರೋಗವು ಮೈಯೆಲ್ಲ ವ್ಯಾಪಿಸಿದ ಮೇಲೆ ದವಾಖಾನೆಗೆ ಹೋದರು, ಶಸ್ತ್ರಕ್ರಿಯೆಯಾಯಿತು, ಕೆಲವು ತಿಂಗಳಲ್ಲಿ ಸತ್ತರು. ನೋಡಿದವರು ಮೊದಲು ನಡೆದುದನ್ನೇ ಕಾರಣವೆಂದು ಹಿಡಿದರು. ಕಾಗೆಯು ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧವನ್ನು ಕಟ್ಟುವ ಕಾಕತಾಲೀಯ ನ್ಯಾಯವಿದು. ಗಾಳಿಯಿಂದ ಅರ್ಬುದವು ಹರಡುವದಿಲ್ಲ. ಸೂಜಿಯನ್ನು ಚುಚ್ಚಿ ಗಂಟಿನಿಂದ ಎಳ್ಳಷ್ಟು ಮಾಂಸವನ್ನು ತೆಗೆದು ಪರೀಕ್ಷಿಸುವದರಿಂದಲೂ ಸಾವು ಹತ್ತಿರ ಬರುವದಿಲ್ಲ. ಆ ಪರೀಕ್ಷೆಯಿಲ್ಲದೆ ಶಸ್ತ್ರಕ್ಕೆ ಕೈಹಾಕುವದೇ ಅನುಚಿತ. ಏಕೆಂದರೆ ಸ್ತನದ ಗಂಟುಗಳಲ್ಲಿ ಬಹುಪಾಲು ಅರ್ಬುದಗಳೇ ಅಲ್ಲ.

ಆ ತಾಯಿಗೆ ಮೊದಲು ಕೀಮೋಥೆರಪಿಯನ್ನು ಕೊಟ್ಟು ಗಂಟನ್ನು ಕುಗ್ಗಿಸಿ ಆಮೇಲೆ ಸ್ತನವನ್ನು ತೆಗೆದರು. ಕಡಲೆಕಾಳಿನಷ್ಟಿದ್ದಾಗ ಬಂದಿದ್ದರೆ ಪ್ರಾಯಶಃ ಸ್ತನವೂ ಉಳಿಯುತ್ತಿತ್ತೆಂದು ವೈದ್ಯರು ನನಗೆ ಹೇಳಿದರು. ಆಕೆಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆಕೆಯು ಕ್ಷೇಮದಿಂದಿದ್ದಾಳೆ.

ಆದುದರಿಂದ ನೋಯದ ಗಂಟನ್ನೇ ಹೆಚ್ಚು ಸಂಶಯಿಸಬೇಕು. ಗಂಟಲ್ಲದೆ ಬೇರೆ ಗುರುತುಗಳೂ ಇವೆ: ಚರ್ಮವು ಒಳಕ್ಕೆ ಸೆಳೆದು ಕುಳಿಬೀಳುವದು, ಕಿತ್ತಳೆಯ ಸಿಪ್ಪೆಯಂತೆ ಚುಕ್ಕೆಚುಕ್ಕೆಯಾಗುವದು, ತೊಟ್ಟು ಹೊಸದಾಗಿ ಒಳಸೇರುವದು, ಅದರಿಂದ ರಕ್ತವು ಒಸರುವದು, ಕಂಕುಳಲ್ಲಿ ಗಡ್ಡೆಯೇಳುವದು. ಮುಂಬಯಿಯಲ್ಲಿ ೧೯೯೮ರಿಂದ ಇಪ್ಪತ್ತು ವರ್ಷ, ಒಂದೂವರೆ ಲಕ್ಷ ಹೆಂಗಸರಲ್ಲಿ ಒಂದು ಪರೀಕ್ಷೆಯು ನಡೆಯಿತು. ತರಬೇತಾದ ಆರೋಗ್ಯ ಸೇವಕಿಯರು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಸ್ತನವನ್ನು ಮುಟ್ಟಿ ನೋಡಿದರು, ಯಂತ್ರವಿಲ್ಲ. ೨೦೨೧ರಲ್ಲಿ ಪ್ರಕಟವಾದ ಅದರ ಫಲದಲ್ಲಿ, ಐವತ್ತಕ್ಕೆ ಮೇಲ್ಪಟ್ಟವರಲ್ಲಿ ಈ ರೋಗದಿಂದಾಗುವ ಸಾವು ನೂರಕ್ಕೆ ಸುಮಾರು ೩೦ರಷ್ಟು ಇಳಿಯಿತೆಂದು ಕಂಡಿತು. ಅದಕ್ಕೂ ಚಿಕ್ಕವರಲ್ಲಿ ಅಂತಹ ಲಾಭವು ಕಾಣಲಿಲ್ಲ. ಬಡದೇಶದ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಇನ್ನು ಶಸ್ತ್ರಕ್ರಿಯೆಯ ಸ್ವರೂಪ. ರೋಗಿಯು ಸಂಪೂರ್ಣ ನಿದ್ರೆಯಲ್ಲಿರುವಳು. ಸ್ತನದ ಗ್ರಂಥಿಯನ್ನು ಮೇಲಿನ ಚರ್ಮದ ಒಂದು ಭಾಗದೊಡನೆ ಎದೆಯ ಮಾಂಸದ ಮೇಲಿಂದ ಬಿಡಿಸಿ ತೆಗೆಯುವರು. ಮಾಂಸಖಂಡವನ್ನು ಸಾಮಾನ್ಯವಾಗಿ ಮುಟ್ಟುವದಿಲ್ಲ. ಕಂಕುಳಲ್ಲಿ, ಸ್ತನದಿಂದ ಹೊರಟ ರಸವು ಮೊದಲು ಸೇರುವ ಒಂದೆರಡು ಗ್ರಂಥಿಗಳನ್ನು ಬಣ್ಣದಿಂದಲೋ ವಿಕಿರಣದ್ರವ್ಯದಿಂದಲೋ ಗುರುತಿಸಿ ತೆಗೆದು ನೋಡುವರು. ಹೊಸ್ತಿಲಲ್ಲಿ ಕುಳಿತ ಕಾವಲುಗಾರನನ್ನು ವಿಚಾರಿಸಿದಂತೆ. ಅಲ್ಲಿ ರೋಗವಿಲ್ಲದಿದ್ದರೆ ಉಳಿದವುಗಳನ್ನು ಬಿಟ್ಟುಬಿಡುವರು. ೧೯೯೦ರ ದಶಕದಲ್ಲಿ ರೂಢಿಗೆ ಬಂದ ಈ ಉಪಾಯದಿಂದ ತೋಳು ಬಾಯುವ ಕಷ್ಟವು ಬಹಳ ಕಡಿಮೆಯಾಗಿದೆ. ಗಾಯದ ಕೆಳಗೆ ಸೇರುವ ನೀರನ್ನು ಹೊರಹಾಕಲು ಒಂದೆರಡು ಸಣ್ಣ ಕೊಳವೆಗಳನ್ನಿಟ್ಟು ಹೊಲಿಯುವರು. ರೋಗಿಯು ಕೆಲವು ದಿನಗಳಲ್ಲಿ ಮನೆಗೆ ಬರಬಹುದು. ಕೊಳವೆಯು ಒಂದೆರಡು ವಾರ ಇರುವದುಂಟು. ಅದರೊಳಗಿನ ಕೆಂಪು ನೀರನ್ನು ಕಂಡು ಹೆದರಬಾರದು. ದಿನದಿನಕ್ಕೆ ಅದು ತಿಳಿಯಾಗಬೇಕು, ಕಡಿಮೆಯಾಗಬೇಕು. ತೋಳಿನ ಒಳಬದಿಯು ಜೋಮು ಹಿಡಿದಂತಿರುವದು, ಇಲ್ಲದ ಸ್ತನವು ತುರಿಸಿದಂತಾಗುವದು, ಇವೂ ರೋಗದ ಲಕ್ಷಣಗಳಲ್ಲ. ಆ ಕೈಯನ್ನು ಜೋಲಿಯಲ್ಲಿ ಕಟ್ಟಿ ಕೂಡ್ರಿಸುವ ಪ್ರೀತಿಯು ಮಾತ್ರ ಅಪಾಯಕರ. ವೈದ್ಯರು ಹೇಳಿದ ದಿನದಿಂದ, ಹೇಳಿದಷ್ಟು, ಭುಜವನ್ನು ಆಡಿಸಬೇಕು, ಇಲ್ಲವಾದರೆ ಬಿಗಿದುಕೊಳ್ಳುವದು. ಗೋಡೆಗೆ ಬೆರಳಿಟ್ಟು ದಿನವೂ ಒಂದು ಗೇಣು ಮೇಲಕ್ಕೆ ಏರಿಸುವದು ನಾನು ಕಂಡ ಸುಲಭ ಸಾಧನೆ. ಕೈ ಬಾತರೆ, ಕೆಂಪಾಗಿ ಜ್ವರ ಬಂದರೆ, ಅದೇ ದಿನ ತೋರಿಸಬೇಕು.

ತೆಗೆದ ಸ್ತನವನ್ನು ಪರೀಕ್ಷಿಸಿ ಬರೆದ ಕಾಗದವನ್ನು ಮನೆಯವರು ಕೇಳಿ ಪಡೆದು ಜೋಪಾನವಾಗಿಡಬೇಕು. ಗಂಟಿನ ಅಳತೆ, ಅಂಚು ಶುದ್ಧವಿದೆಯೇ, ಎಷ್ಟು ಗ್ರಂಥಿಗಳಲ್ಲಿ ರೋಗವಿದೆ, ಅದು ಹಾರ್ಮೋನುಗಳಿಗೆ ಸ್ಪಂದಿಸುವ ಜಾತಿಯೇ, ‘ಹರ್-೨’ ಎಂಬ ಗುರುತುಳ್ಳದ್ದೇ ಎಂಬವೆಲ್ಲ ಅದರಲ್ಲಿರುವವು. ಮುಂದಿನ ಔಷಧವು ಅದರ ಮೇಲೆ ನಿಂತಿದೆ. ಹಾರ್ಮೋನಿನ ಜಾತಿಯದಾದರೆ ಟ್ಯಾಮಾಕ್ಸಿಫೆನ್ ಮುಂತಾದ ಗುಳಿಗೆಗಳನ್ನು ಐದು ವರ್ಷ, ಕೆಲವೊಮ್ಮೆ ಹತ್ತು ವರ್ಷ ನುಂಗಬೇಕು. ಗಾಯ ಮಾಯಿತು, ಇನ್ನೇಕೆ ಗುಳಿಗೆ ಎಂದು ಬಿಟ್ಟವರನ್ನು ನಾನು ಬಲ್ಲೆನು. ದೂರ ಹೋಗಿರಬಹುದಾದ ಕಣವನ್ನು ಮುಟ್ಟುವದು ಕತ್ತಿಯಲ್ಲ, ಆ ಗುಳಿಗೆಯೇ ಎಂಬದು ಫಿಶರನ ಪರೀಕ್ಷೆಗಳ ತಾತ್ಪರ್ಯ.

ನಮ್ಮ ದೇಶದ ವೈದ್ಯರೂ ಈ ಜ್ಞಾನಕ್ಕೆ ತಮ್ಮ ಪಾಲನ್ನು ಸೇರಿಸಿದ್ದಾರೆ. ೧೯೪೧ರಲ್ಲಿ ತೆರೆದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ರಾಜೇಂದ್ರ ಬಡವೆಯವರೂ ಸಂಗಡಿಗರೂ ದೇಶದ ೧೧ ಕೇಂದ್ರಗಳಲ್ಲಿ ೧೬೦೦ ಹೆಂಗಸರನ್ನು ಪರೀಕ್ಷಿಸಿದರು. ಕೊಯ್ಯುವದಕ್ಕೆ ಸ್ವಲ್ಪ ಮುಂಚೆ ಗಂಟಿನ ಸುತ್ತಲೂ ಲಿಡೋಕೇನ್ ಎಂಬ, ಹಲ್ಲು ಕೀಳುವಾಗ ಚುಚ್ಚುವ ಅದೇ ಅಗ್ಗದ ಅರಿವಳಿಕೆಯನ್ನು ಚುಚ್ಚಿದರೆ, ಐದು ವರ್ಷ ಬದುಕಿದವರ ಪ್ರಮಾಣವು ನೂರಕ್ಕೆ ೮೬.೪ರಿಂದ ೯೦.೧ಕ್ಕೆ ಏರಿತೆಂದು ೨೦೨೩ರಲ್ಲಿ ಪ್ರಕಟಿಸಿದರು. ಅದೇ ಆಸ್ಪತ್ರೆಯವರು ೨೦೧೫ರಲ್ಲಿ ಪ್ರಕಟಿಸಿದ ಮತ್ತೊಂದು ಪರೀಕ್ಷೆಯ ಫಲವು ಇದಕ್ಕಿಂತ ಕಹಿಯಾದುದು: ಮೊದಲು ಕಂಡಾಗಲೇ ರೋಗವು ದೂರದ ಅಂಗಗಳಿಗೆ ಹೋಗಿದ್ದರೆ, ಔಷಧಕ್ಕೆ ರೋಗವು ಮಣಿದ ಮೇಲೆ ಸ್ತನವನ್ನು ತೆಗೆದರೂ ಆಯುಷ್ಯವು ಹೆಚ್ಚುವದಿಲ್ಲ. ಆದುದರಿಂದ ವೈದ್ಯರು ‘ಶಸ್ತ್ರಕ್ರಿಯೆ ಬೇಡ, ಔಷಧವಿರಲಿ’ ಎಂದರೆ ಕೈಬಿಟ್ಟರೆಂದು ಅಳಬಾರದು. ‘ಎರಡನ್ನೂ ತೆಗೆದುಬಿಡಿರಿ, ಪೀಡೆ ಹೋಗಲಿ’ ಎಂದು ಆರೋಗ್ಯವಾದ ಇನ್ನೊಂದನ್ನು ಕೊಡುವ ಆತುರವೂ ಬಹುತೇಕ ರೋಗಿಗಳಿಗೆ ಆಯುಷ್ಯವನ್ನು ಕೂಡಿಸುವದಿಲ್ಲ.

ನಿರ್ಣಯವು ಯಾರದು? ಅಮೆರಿಕೆಯಲ್ಲಿ ೧೯೭೦ರ ದಶಕದ ವರೆಗೂ, ಗಂಟನ್ನು ಪರೀಕ್ಷಿಸಲೆಂದು ಮಲಗಿಸಿದ ಹೆಂಗಸು ಎಚ್ಚರವಾದಾಗ ಸ್ತನವೇ ಇಲ್ಲದಿರುವದು ಸಾಮಾನ್ಯವಾಗಿತ್ತು. ಪರೀಕ್ಷೆಯೂ ಛೇದನವೂ ಒಂದೇ ನಿದ್ರೆಯಲ್ಲಿ ಮುಗಿಯುತ್ತಿದ್ದವು. ರೋಸ್ ಕುಶ್ನರ್ ಎಂಬ ಪತ್ರಿಕಾ ಲೇಖಕಿಯು ತನಗೆ ಈ ರೋಗವು ಬಂದಾಗ ಅದಕ್ಕೊಪ್ಪದೆ, ಮೊದಲು ಪರೀಕ್ಷೆ, ಆಮೇಲೆ ವಿಚಾರ, ಅದರ ಮೇಲೆ ಶಸ್ತ್ರ ಎಂದು ಹಟಹಿಡಿದು, ಎಲ್ಲ ಹೆಂಗಸರಿಗಾಗಿ ವಾದಿಸಿದಳು. ೧೯೭೯ರಲ್ಲಿ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪಂಡಿತಸಭೆಯು ಅದನ್ನೇ ಎತ್ತಿಹಿಡಿಯಿತು. ೧೯೭೪ರಲ್ಲಿ ಆ ದೇಶದ ಅಧ್ಯಕ್ಷನ ಪತ್ನಿ ಬೆಟ್ಟಿ ಫೋರ್ಡ್ ತನಗಾದ ಸ್ತನಚ್ಛೇದನವನ್ನು ಮುಚ್ಚಿಡದೆ ಲೋಕಕ್ಕೆ ತಿಳಿಸಿದ ಮೇಲೆ ಸಾವಿರಾರು ಹೆಂಗಸರು ಪರೀಕ್ಷೆಗೆ ಹೋದರು. ನಮ್ಮಲ್ಲಿ ಇಂದಿಗೂ ಒಪ್ಪಿಗೆಯ ಕಾಗದವನ್ನು ಗಂಡನೋ ಮಗನೋ ಓದುವರು, ಅವಳು ಹೆಬ್ಬೆಟ್ಟನ್ನೊತ್ತುವಳು. ಏನನ್ನು ತೆಗೆಯುವರು, ಏಕೆ, ಉಳಿಸಲು ಬರುವದೇ, ಎಂಬ ಮೂರು ಮಾತುಗಳನ್ನು ಅವಳ ಕಿವಿಯಲ್ಲಿ ಅವಳ ಭಾಷೆಯಲ್ಲಿ ಹೇಳದೆ ಒತ್ತಿಸಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ.

ಕಡೆಯದಾಗಿ, ವೈದ್ಯರಿಗಲ್ಲದೆ ನನಗೇ ಬರುವ ಪ್ರಶ್ನೆಗಳು. ಅಂಗವೊಂದು ಹೋದ ದೇಹದಿಂದ ಲಿಂಗಪೂಜೆಯು ಸಲ್ಲುವದೇ ಎಂದು ಕೇಳುವರು. ನಿಸ್ಸಂದೇಹವಾಗಿ ಸಲ್ಲುವದು. ಗಾಯವೊಸರುವಾಗ ಮೈಲಿಗೆಯಲ್ಲವೇ ಎನ್ನುವರು. ಪಂಚಸೂತಕಗಳನ್ನೇ ಒಪ್ಪದ ಮಾರ್ಗದಲ್ಲಿ ಗಾಯಕ್ಕೆಲ್ಲಿಯ ಸೂತಕ? ಶಸ್ತ್ರಕ್ರಿಯೆಯ ಕೋಣೆಯಲ್ಲಿ ಮೈಮೇಲಿನ ಒಡವೆ ದಾರಗಳನ್ನೆಲ್ಲ ತೆಗೆಸುವ ನಿಯಮವಿರುವದರಿಂದ ಇಷ್ಟಲಿಂಗವನ್ನೇನು ಮಾಡಬೇಕೆಂಬದು ನಿಷ್ಠಾವಂತರಿಗೆ ದೊಡ್ಡ ಸಂಕಟ. ಹಿಂದಿನ ದಿನವೇ ವೈದ್ಯರಿಗೆ ತಿಳಿಸಿ ಕೇಳಿರಿ. ಶುದ್ಧ ಬಟ್ಟೆಯಲ್ಲಿ ಇನ್ನೊಂದು ತೋಳಿಗೋ ತಲೆಗೋ ಕಟ್ಟಿಕೊಳ್ಳಲು ಒಪ್ಪಿದರೆ ಹಾಗೆಯೇ ಆಗಲಿ. ಒಪ್ಪದಿದ್ದರೆ ಮನೆಯ ಲಿಂಗನಿಷ್ಠರೊಬ್ಬರು ಹೊರಗೆ ಅಂಗೈಯಲ್ಲಿ ಹಿಡಿದು ಕುಳಿತಿರಲಿ, ಎಚ್ಚರವಾದೊಡನೆ ಕೈಗೆ ಕೊಡಲಿ; ಇದರಿಂದ ದೋಷವಿಲ್ಲವೆಂದು ನನ್ನ ನಿಶ್ಚಯ. ಆಮೇಲೆ ಕರಡಿಗೆಯು ಗಾಯಕ್ಕೆ ತಾಕಿ ತಿಕ್ಕದಂತೆ ದಾರವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು. ಕಿರಣಚಿಕಿತ್ಸೆಯ ಕಾಲದಲ್ಲಿ ಚರ್ಮವು ಬಹು ಸುಕುಮಾರವಾಗುವದರಿಂದ ಇದು ಇನ್ನೂ ಮುಖ್ಯ. ಕುಪ್ಪಸದೊಳಗೆ ಇಡಲು ಹತ್ತಿಯದೂ ಸಿಲಿಕೋನಿನದೂ ಕೃತಕ ಸ್ತನಗಳು ದೊರೆಯುವವು. ದೇಹದ ಬೇರೆ ಭಾಗದ ಮಾಂಸದಿಂದ ಸ್ತನವನ್ನು ಮರಳಿ ಕಟ್ಟುವ ಶಸ್ತ್ರಕ್ರಿಯೆಯೂ ಉಂಟು. ಬೇಕೆನ್ನುವವಳನ್ನು ‘ಈ ವಯಸ್ಸಿಗೇಕೆ’ ಎಂದು ಯಾರೂ ಅಣಕಿಸಬಾರದು. ಬೇಡವೆನ್ನುವವಳನ್ನು ಒತ್ತಾಯಿಸಲೂ ಬಾರದು.

ವೆಚ್ಚದ ವಿಷಯ: ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳ ವರೆಗಿನ ಚಿಕಿತ್ಸೆಯು ೨೦೧೮ರಲ್ಲಿ ಮೊದಲಾದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಹೆಸರನ್ನು ನೀವೆಲ್ಲ ಕೇಳಿರುವಿರಿ. ಪಡಿತರದ ಚೀಟಿಯನ್ನೂ ಆಧಾರ ಚೀಟಿಯನ್ನೂ ಮೊದಲ ದಿನವೇ ಒಯ್ಯಿರಿ.

ಪ್ರಸಾದಕ್ಕೆ ಇನ್ನೂ ಒಂದು ತಾಸಿದೆ. ಪಾಠಶಾಲೆಯ ಹಿಂಭಾಗದ ಕೋಣೆಯಲ್ಲಿ ಇಬ್ಬರು ವೈದ್ಯೆಯರು ಕುಳಿತಿದ್ದಾರೆ, ಬಾಗಿಲಿಗೆ ಪರದೆಯಿದೆ. ಗಂಟಿನ ಸಂಶಯವುಳ್ಳ ತಾಯಂದಿರು ಈಗಲೇ ಅಲ್ಲಿಗೆ ಹೋಗಬಹುದು. ಗಂಡಸರು ಅವರು ಬರುವ ವರೆಗೆ ಮಕ್ಕಳನ್ನು ನೋಡಿಕೊಂಡು ಇಲ್ಲಿಯೇ ಕುಳಿತಿರಬೇಕು.